ಬೆಳಗಾವಿ–ಖಾನಾಪುರದ ಮನೆಗಳೂ ಸೂರ್ಯಗತಿಯೂ

ಶೀತಪ್ರಧಾನವಾದ ಪರ್ವತಪ್ರದೇಶಗಳಲ್ಲಿ ಸೌದೆಯನ್ನಾಗಲಿ ವಿದ್ಯುಚ್ಛಕ್ತಿಯನ್ನಾಗಲಿ ಹೆಚ್ಚಾಗಿ ವ್ಯಯಮಾಡದೆ, ಕೇವಲ ಸೂರ್ಯನ ಶಾಖದಿಂದಲೇ ಮನೆಯನ್ನು ಬೆಚ್ಚಗಿಡುವ ಕಟ್ಟಡದ ಕ್ರಮವೊಂದುಂಟು. ಯಂತ್ರಗಳ ಸಹಾಯವಿಲ್ಲದೆ, ಗೋಡೆ, ಕಿಟಕಿ, ನೆಲ, ಮಾಡು ಇವುಗಳ ವಿನ್ಯಾಸದಿಂದ ಮಾತ್ರವೇ ಈ ಕಾರ್ಯವು ನಡೆಯುವುದರಿಂದ ಅಂತಹ ಮನೆಯನ್ನು ಸಹಜಸೌರಗೃಹವೆಂದು ಕರೆಯಬಹುದು. ಇದರ ತತ್ತ್ವವು ಬಹಳ ಸರಳವಾದುದು. ಹಗಲಿನಲ್ಲಿ ಬಿಸಿಲನ್ನು ಒಳಕ್ಕೆ ಬಿಟ್ಟುಕೊಳ್ಳಬೇಕು. ಬಂದ ಶಾಖವನ್ನು ದಪ್ಪವಾದ ಗೋಡೆಯಲ್ಲಿಯೂ ನೆಲದಲ್ಲಿಯೂ ಕೂಡಿಡಬೇಕು. ರಾತ್ರಿಯಲ್ಲಿ ಅದು ಹೊರಕ್ಕೆ ಸೋರಿಹೋಗದಂತೆ ತಡೆಯಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ನಿಷ್ಫಲವಾಗುವುವು.

ಈ ಯುಕ್ತಿಯು ಹೊಸದಲ್ಲ. ದಕ್ಷಿಣಾಭಿಮುಖವಾದ ಮನೆಯಲ್ಲಿ ಚಳಿಗಾಲದ ಸೂರ್ಯನು ಮೊಗಸಾಲೆಯೊಳಕ್ಕೆ ಇಣುಕುವನೆಂದೂ, ಬೇಸಗೆಯಲ್ಲಿ ಮಾಡಿನ ಮೇಲೆಯೇ ಹಾದುಹೋಗಿ ನೆರಳನ್ನು ಕೊಡುವನೆಂದೂ ಗ್ರೀಸಿನ ಸಾಕ್ರೆಟೀಸನು ಹೇಳಿದುದನ್ನು ಕ್ಸೆನೊಫೋನನು ಬರೆದಿಟ್ಟಿದ್ದಾನೆ. ಕಪ್ಪುಬಣ್ಣದ ಗೋಡೆಯ ಮುಂದೆ ಸ್ವಲ್ಪ ಅಂತರವಿಟ್ಟು ಗಾಜನ್ನು ನಿಲ್ಲಿಸಿ, ನಡುವಣ ಗಾಳಿಯನ್ನು ಕಾಯಿಸಿ ಕೋಣೆಗೆ ಬಿಡುವ ಉಪಾಯಕ್ಕೆ ಅಮೆರಿಕದ ಎಡ್ವರ್ಡ್ ಮೋರ್ಸನು ೧೮೮೧ರಲ್ಲಿಯೇ ಹಕ್ಕುಪತ್ರವನ್ನು ಪಡೆದನು. ಫ್ರಾನ್ಸಿನ ಫೆಲಿಕ್ಸ್ ತ್ರೋಂಬ್ ಎಂಬ ವಿಜ್ಞಾನಿಯೂ ಜಾಕ್ ಮಿಶೆಲ್ ಎಂಬ ವಾಸ್ತುಶಿಲ್ಪಿಯೂ ೧೯೬೭ರಲ್ಲಿ ಪಿರನೀಸ್ ಪರ್ವತದ ಓದೆಯೋ ಎಂಬಲ್ಲಿ ಇದನ್ನು ಮನೆಯಾಗಿ ಕಟ್ಟಿ ತೋರಿಸಿದಮೇಲೆ ಅದಕ್ಕೆ ತ್ರೋಂಬ್ ಗೋಡೆಯೆಂದು ಹೆಸರಾಯಿತು. ನಮ್ಮ ದೇಶದಲ್ಲಿ ಈ ಬಗೆಯ ಮನೆಗೆ ನಿಜವಾದ ನೆಲೆಯು ಲಡಾಖ್. ಸಮುದ್ರಮಟ್ಟದಿಂದ ಸುಮಾರು ೧೧,೫೦೦ ಅಡಿ ಎತ್ತರದಲ್ಲಿರುವ ಲೇಹ್ ಪಟ್ಟಣದ ಬಳಿಯ ಫೇ ಎಂಬ ಗ್ರಾಮದಲ್ಲಿ, ೧೯೮೮ರಲ್ಲಿ ಹುಟ್ಟಿದ ಸೆಕ್‌ಮೋಲ್ ಎಂಬ ವಿದ್ಯಾಸಂಸ್ಥೆಯ ಕಟ್ಟಡಗಳನ್ನು ಗಟ್ಟಿಸಿದ ಮಣ್ಣಿನಿಂದ ಕಟ್ಟಿ, ದಕ್ಷಿಣಕ್ಕೆ ತೆರೆದು, ಸೂರ್ಯನಿಂದಲೇ ಬೆಚ್ಚಗಿಟ್ಟಿದ್ದಾರೆ.

ಈಗ ಪ್ರಕೃತಕ್ಕೆ ಬರೋಣ. ಸಹ್ಯಾದ್ರಿಯ ಮೂಡಣ ಅಂಚಿನಲ್ಲಿರುವ ಬೆಳಗಾವಿ ನಗರವೂ, ಅದರ ದಕ್ಷಿಣಕ್ಕೆ ಸುಮಾರು ೨೫ ಕಿಲೋಮೀಟರು ದೂರದ ಖಾನಾಪುರವೂ ತಂಪಿಗೆ ಹೆಸರಾದ ಸ್ಥಳಗಳು. ೨೦೧೯ರ ಆಗಸ್ಟ್ ತಿಂಗಳ ಮಳೆ–ನೆರೆಗಳಲ್ಲಿ ಬೆಳಗಾವಿ ಜಿಲ್ಲೆಯ ಅಸಂಖ್ಯ ಮಣ್ಣುಗೋಡೆಯ ಮನೆಗಳು ಕುಸಿದುಬಿದ್ದುವು. ಸಂಪೂರ್ಣವಾಗಿ ಹಾಳಾದ ಮನೆಗೆ ೫ ಲಕ್ಷ ರೂಪಾಯಿಗಳ ನೆರವನ್ನು ಸರ್ಕಾರವು ಗೊತ್ತುಮಾಡಿತು. ಬಿದ್ದ ಮನೆಗಳ ಸ್ಥಳದಲ್ಲಿ ಏಳುವುದು ಸಾಮಾನ್ಯವಾಗಿ ತೆಳುಗೋಡೆಯ, ಕಾಂಕ್ರೀಟು ಹಲಗೆಯ ಚಪ್ಪಟೆ ಮಾಡಿನ ಕಟ್ಟಡ. ಅನುಕೂಲಸ್ಥರಾದರೋ ಪರದೇಶದ ಚಿತ್ರಗಳನ್ನು ನೋಡಿ ಗಾಜಿನ ಮುಖಮಂಟಪವುಳ್ಳ ಮನೆಯನ್ನು ಬಯಸುವರು. ಮಣ್ಣಿನ ಮನೆ ಬಿದ್ದುದು ಮಣ್ಣಿನ ದೋಷವೇ, ಅಥವಾ ಬುಡಕ್ಕೆ ನೀರು ಬಂದುದರ ಫಲವೇ? ಶೀತದೇಶದ ಸೌರಗೃಹವು ಇಲ್ಲಿಗೆ ಒಗ್ಗುವುದೇ? ಒಂದು ಸಂಸಾರವು ತನ್ನ ಆಯುಷ್ಯದ ಉಳಿತಾಯವನ್ನು ಮನೆಗೆ ಸುರಿಯುವಾಗ ಈ ಪ್ರಶ್ನೆಗಳಿಗೆ ತಕ್ಕ ಉತ್ತರವಿರಬೇಕಾದುದು ನ್ಯಾಯವಷ್ಟೆ.

ಮೊದಲು ಸೂರ್ಯಗತಿಯನ್ನು ನೋಡತಕ್ಕದ್ದು. ಬೆಳಗಾವಿಯ ಅಕ್ಷಾಂಶವು ಉತ್ತರ ೧೫ ಅಂಶ ೫೧ ಕಲೆ. ಆದುದರಿಂದ ಡಿಸೆಂಬರ್ ೨೧–೨೨ರ ಸುಮಾರಿಗೆ, ಸೂರ್ಯನು ದಕ್ಷಿಣದ ಕೊನೆಯನ್ನು ಮುಟ್ಟಿದಾಗ, ನಡುಹಗಲಿನಲ್ಲಿ ಅವನ ಎತ್ತರವು ದಿಗಂತದಿಂದ ಸುಮಾರು ೫೦¾ ಅಂಶವಾಗಿರುವುದು. ವಿಷುವದ ದಿನಗಳಲ್ಲಿ ಅದು ೭೪ ಅಂಶಕ್ಕೇರುವುದು. ಮೇ ತಿಂಗಳ ಮೊದಲ ವಾರದಲ್ಲೊಮ್ಮೆಯೂ ಆಗಸ್ಟ್ ೮–೯ರ ಸುಮಾರಿಗೊಮ್ಮೆಯೂ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುವನು. ಇವೆರಡರ ನಡುವೆ ಅವನು ನೆತ್ತಿಗಿಂತ ಉತ್ತರಕ್ಕೆ ಸರಿದು, ಜೂನ್ ೨೧ರಂದು ಉತ್ತರ ದಿಕ್ಕಿನಲ್ಲಿ ೮೨½ ಅಂಶದಷ್ಟು ಎತ್ತರದಲ್ಲಿರುವನು. ಅತಿ ಉದ್ದವಾದ ಹಗಲಿಗೂ ಅತಿ ಚಿಕ್ಕದಾದ ಹಗಲಿಗೂ ಇರುವ ಅಂತರವು ಎರಡು ಗಂಟೆಗಳನ್ನು ಮೀರುವುದಿಲ್ಲ. ಲೇಹ್ ಪಟ್ಟಣದಲ್ಲಿ ಡಿಸೆಂಬರಿನ ನಡುಹಗಲಿನ ಸೂರ್ಯನು ೩೨½ ಅಂಶವನ್ನೂ ದಾಟನು. ಹೀಗಿರುವುದರಿಂದ, ಆರೂವರೆ ಅಡಿ ಎತ್ತರದ ಕಿಟಕಿಯ ಮೇಲಂಚಿನಿಂದ ಒಳಹೊಕ್ಕ ಬಿಸಿಲು ಲೇಹ್‌ನಲ್ಲಿ ನೆಲದ ಮೇಲೆ ೧೦ ಅಡಿಗಳವರೆಗೆ ಚಾಚುವುದು. ಬೆಳಗಾವಿಯಲ್ಲಿ ೫ ಅಡಿ ೪ ಅಂಗುಲಕ್ಕೇ ನಿಲ್ಲುವುದು. ಅಲ್ಲಿ ಹಿಂದಿನ ಗೋಡೆಯವರೆಗೂ ಕಾಯುವ ಕೋಣೆಯು ಇಲ್ಲಿ ಕಿಟಕಿಯ ಬಳಿಯ ನೆಲದಲ್ಲಿ ಮಾತ್ರ ಕಾಯುವುದೆಂದು ಇದರಿಂದ ತಿಳಿಯುವುದು.

ಮಾಡಿನ ಚಾಚನ್ನು ಲೆಕ್ಕಹಾಕುವುದೂ ಇದೇ ಕೋನಗಳಿಂದಲೇ. ದಕ್ಷಿಣದ ಗೋಡೆಯಲ್ಲಿ ನೆಲದಿಂದ ೯ ಅಡಿ ಎತ್ತರದಲ್ಲಿ ಸೂರಿನ ಅಂಚಿದ್ದು, ಅದು ಗೋಡೆಯಿಂದ ೨ ಅಡಿ ಮುಂದಕ್ಕೆ ಚಾಚಿದೆಯೆಂದಿಟ್ಟುಕೊಳ್ಳೋಣ. ಡಿಸೆಂಬರಿನ ನಡುಹಗಲಿನಲ್ಲಿ ಅದರ ನೆರಳು ಸುಮಾರು ೨ ಅಡಿ ೫ ಅಂಗುಲ ಕೆಳಕ್ಕೆ ಇಳಿಯುವುದು. ಎಂದರೆ ಆರೂವರೆ ಅಡಿಗಿಂತ ಕೆಳಗಿರುವ ಕಿಟಕಿಯೆಲ್ಲವೂ ಬಿಸಿಲಿಗೆ ತೆರೆದಿರುವುದು. ಮಾರ್ಚಿ ೨೧ರ ಹೊತ್ತಿಗೆ ಅದೇ ನೆರಳು ೭ ಅಡಿ ಇಳಿದು ನೆಲಕ್ಕೆ ಎರಡಡಿ ಹತ್ತಿರ ಬರುವುದರಿಂದ, ಮೂರಡಿ ಎತ್ತರದಲ್ಲಿ ಹೊಸ್ತಿಲುಳ್ಳ ಕಿಟಕಿಯು ನಡುಹಗಲಿನಲ್ಲಿ ಸಂಪೂರ್ಣವಾಗಿ ನೆರಳಿಗೆ ಸೇರುವುದು. ಎರಡಡಿಯ ಸೂರು ಚಳಿಗಾಲದಲ್ಲಿ ಬಾಗಿಲನ್ನು ತೆರೆದು ಬೇಸಗೆಯಲ್ಲಿ ತಾನಾಗಿ ಮುಚ್ಚುವ ದ್ವಾರಪಾಲಕನಂತಿದೆ. ಪೂರ್ವ ಪಶ್ಚಿಮಗಳ ಗೋಡೆಗಳಿಗೆ ಈ ಉಪಕಾರವಿಲ್ಲ. ಅಲ್ಲಿ ಸೂರ್ಯನು ಅಡ್ಡವಾಗಿ ಬೀಳುವುದರಿಂದ ಎಷ್ಟು ಚಾಚಿದ ಸೂರೂ ಸಾಲದು.

ಇಷ್ಟನ್ನು ನೋಡಿದವರು ದಕ್ಷಿಣಕ್ಕೆ ತೆರೆದ ಮನೆಯೇ ಬೆಳಗಾವಿಗೆ ತಕ್ಕುದೆಂದು ಥಟ್ಟನೆ ತೀರ್ಮಾನಿಸಬಹುದು. ಆದರೆ ಹವೆಯ ವಿಚಾರವು ಇನ್ನೂ ಉಳಿದಿದೆ.

ಈ ಪ್ರಾಂತದಲ್ಲಿ ಚಳಿಯು ಎರಡು ವಿಧವಾದುದು. ಕಾರ್ತಿಕದಿಂದ ಮಾಘದವರೆಗಿನದು ಒಣಚಳಿ. ಡಿಸೆಂಬರ್ ಜನವರಿಗಳಲ್ಲಿ ಬೆಳಗಾವಿಯ ಉಷ್ಣಮಾನವು ಬೆಳಗಿನ ಜಾವದಲ್ಲಿ ಸರಾಸರಿ ಸುಮಾರು ೧೪ ಡಿಗ್ರಿ ಸೆಂಟಿಗ್ರೇಡಿಗೆ ಇಳಿದು, ಮಧ್ಯಾಹ್ನದಲ್ಲಿ ೨೯ರ ಸುಮಾರಿಗೆ ಏರುವುದು; ಆಕಾಶವು ನಿರ್ಮಲವಾಗಿರುವುದು. ಎರಡನೆಯದು ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದ ಥಂಡಿ. ಮಳೆಯು ಬಲವಾಗಿರುವ ನಡುವಣ ತಿಂಗಳುಗಳಲ್ಲಿ ಮಧ್ಯಾಹ್ನದಲ್ಲಿಯೂ ಉಷ್ಣಮಾನವು ೨೫ನ್ನು ದಾಟುವುದು ಕಷ್ಟ; ರಾತ್ರಿಯಲ್ಲಿ ೨೦ಕ್ಕಿಂತ ಹೆಚ್ಚೇನೂ ಇಳಿಯುವುದಿಲ್ಲ. ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು ೫೦ ಅಂಗುಲ ಮಳೆ. ಖಾನಾಪುರದಲ್ಲಿ ಅದಕ್ಕಿಂತ ಹೆಚ್ಚು. ಜಾಂಬೋಟಿಯನ್ನು ದಾಟಿ ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯ ಕಡೆಗೆ ಹೋದಂತೆಲ್ಲ ಅದು ಬೆಳಗಾವಿಯ ಎರಡು ಮೂರು ಪಾಲಾಗುವುದು. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಗಳತ್ತ ಸರಿದರೆ ಮಳೆಯು ಬೇಗಬೇಗ ಕಡಿಮೆಯಾಗಿ, ಮಣ್ಣಿನ ಚಪ್ಪಟೆ ಮಾಳಿಗೆಯ ಮನೆಗಳು ಕಾಣತೊಡಗುವುವು. ಹೆಂಚಿನ ಮನೆಗೂ ಮೇಲ್ಮುದ್ದೆಯ ಮನೆಗೂ ನಡುವಣ ಗಡಿಯು ಈ ಜಿಲ್ಲೆಯಲ್ಲಿಯೇ ಹಾದುಹೋಗುವುದೆಂಬುದು ಕಟ್ಟಡಗಳನ್ನು ಅಭ್ಯಸಿಸುವವರಿಗೆ ಸ್ವಾರಸ್ಯವಾದ ವಿಷಯ.

ಒಣಚಳಿಯ ವಿಷಯದಲ್ಲಿ ಲೇಹ್‌ಗೂ ಬೆಳಗಾವಿಗೂ ಇರುವ ಭೇದವು ಹೆಚ್ಚು ಕಡಿಮೆಯ ಭೇದವಲ್ಲ, ಜಾತಿಭೇದ. ಲೇಹ್‌ನಲ್ಲಿ ಜನವರಿಯ ಹಗಲಿನ ಉಷ್ಣಮಾನವೂ ಸೊನ್ನೆಗಿಂತ ಕೆಳಗೆ ಉಳಿಯುವುದು ಸಾಮಾನ್ಯ. ಅಲ್ಲಿ ಹಗಲಿರುಳುಗಳ ಸರಾಸರಿಯೇ ಮನುಷ್ಯನ ಸುಖಕ್ಕೆ ಬಹಳ ಕೆಳಗಿರುವುದರಿಂದ ಸೂರ್ಯನಿಂದ ಹೆಚ್ಚಿನ ಶಾಖವನ್ನು ಸಂಪಾದಿಸಿಯೇ ತೀರಬೇಕು. ಬೆಳಗಾವಿಯಲ್ಲಿ ೧೪ಕ್ಕೂ ೨೯ಕ್ಕೂ ನಡುವಣ ಸರಾಸರಿಯು ಸುಮಾರು ೨೧½ ಡಿಗ್ರಿ. ಕಂಬಳಿಯ ಹಂಗಿಲ್ಲದೆ ಕುಳಿತಿರಬಹುದಾದ ಹವೆ. ಇಲ್ಲಿ ಶಾಖವನ್ನು ಹೊಸದಾಗಿ ಗಳಿಸಬೇಕಾದುದಿಲ್ಲ. ಮಧ್ಯಾಹ್ನದ್ದನ್ನು ಬೆಳಗಿನ ಜಾವಕ್ಕೆ ಸಾಗಿಸಿದರೆ ಸಾಕು. ಈ ಸಾಗಾಟದ ಕೆಲಸವನ್ನು ಮಾಡುವುದು ಗೋಡೆ.

ಗೋಡೆಯ ಹೊರಮೈಗೆ ತಗುಲಿದ ಶಾಖವು ಒಳಮೈಗೆ ಒಡನೆಯೇ ಬರುವುದಿಲ್ಲ. ಪದರ ಪದರವಾಗಿ ಕಾಯಿಸುತ್ತ ನಿಧಾನವಾಗಿ ನಡೆಯುವುದು. ಕಲ್ಲು ಮಣ್ಣುಗಳ ಒಂದಡಿ ದಪ್ಪದ ಗೋಡೆಯಲ್ಲಿ ಈ ಪ್ರಯಾಣಕ್ಕೆ ಸುಮಾರು ೮ರಿಂದ ೧೦ ಗಂಟೆ ಹಿಡಿಯುವುದು. ಒಂದೂವರೆ ಅಡಿಗೆ ೧೨ ಗಂಟೆಗೂ ಮಿಗಿಲು. ಹೊರಗಡೆ ಮಧ್ಯಾಹ್ನ ಎರಡು ಗಂಟೆಗೆ ಏರಿದ ಶಾಖದ ಅಲೆಯು ಒಳಗಡೆ ರಾತ್ರಿ ಎರಡು ಗಂಟೆಯ ಮೇಲೆ ತಲಪುವುದು, ಅದೂ ಬಹಳ ಕುಗ್ಗಿ. ಬೆಳಗಾವಿ ಖಾನಾಪುರಗಳ ಹಳೆಯ ಮನೆಗಳ ಗೋಡೆಗಳನ್ನು ಕಟ್ಟಿರುವುದು ಈ ಸೀಮೆಯಲ್ಲಿ ಹೇರಳವಾಗಿ ದೊರೆಯುವ ಕೆಂಪು ಜಂಬಿಟ್ಟಿಗೆಯ ಕಲ್ಲಿನಿಂದ ಅಥವಾ ಮಣ್ಣಿನಿಂದ. ದಪ್ಪವು ಒಂದೂವರೆ ಅಡಿಗೆ ಕಡಿಮೆಯಿರುವುದು ವಿರಳ. ಜಂಬಿಟ್ಟಿಗೆಯ ಒಂದು ಘನ ಅಡಿಯ ತೂಕ ಸುಮಾರು ೬೦ ಕಿಲೋಗ್ರಾಂ. ಅದರ ಉಷ್ಣಮಾನವನ್ನು ಒಂದು ಡಿಗ್ರಿ ಏರಿಸಲು ಸುಮಾರು ೧೨ ಕಿಲೋಕ್ಯಾಲರಿ ಶಾಖ ಬೇಕು. ಹನ್ನೆರಡಡಿ ಉದ್ದದ, ಹತ್ತಡಿ ಎತ್ತರದ, ಒಂದೂವರೆ ಅಡಿ ದಪ್ಪದ ಒಂದೇ ಗೋಡೆಯು ಡಿಗ್ರಿಯೊಂದಕ್ಕೆ ೨,೧೦೦ ಕಿಲೋಕ್ಯಾಲರಿಗಿಂತ ಹೆಚ್ಚು ಶಾಖವನ್ನು ನುಂಗುವುದು. ಇದಕ್ಕೆ ಪ್ರತಿಯಾಗಿ, ಮೂರಡಿ ಅಗಲ ನಾಲ್ಕಡಿ ಎತ್ತರದ ದಕ್ಷಿಣದ ಗಾಜಿನ ಕಿಟಕಿಯೊಂದು ಡಿಸೆಂಬರಿನ ನಿರ್ಮಲವಾದ ದಿನದಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಳಕ್ಕೆ ತರುವ ಶಾಖವು ಪರಿಮಿತವಾದುದು. ಕಿಟಕಿಯ ಇಡೀ ದಿನದ ದುಡಿಮೆಯಿಂದ ಒಂದು ಗೋಡೆಯು ಪೂರ್ತಿಯಾಗಿ ಕಾಯುವುದು ಕೊಂಚ ಮಾತ್ರ! ದಪ್ಪಗೋಡೆಯ ಮನೆಗೆ ಗಾಜಿನ ಮುಖಮಂಟಪವು ಚಳಿಗಾಲದಲ್ಲಿ ಕೊಡುವುದು ಅಲ್ಪ. ಏಪ್ರಿಲಿನಲ್ಲಿ, ಹೊರಗೆ ೩೬ ಡಿಗ್ರಿಯಿರುವಾಗ, ಪಡುವಣಕ್ಕೆ ತೆರೆದ ಅದೇ ಗಾಜು ಕೊಡುವ ಕಷ್ಟವು ಬಹಳ. ತೆಳುಗೋಡೆಯ ಮನೆಗಾದರೆ ಹಗಲಿನಲ್ಲಿ ಬೆವರು, ರಾತ್ರಿಯಲ್ಲಿ ನಡುಕ. ಗಾಜು ದೊಡ್ಡದಾದಷ್ಟೂ ಗೋಡೆಯೂ ದಪ್ಪವಾಗಬೇಕೆಂಬ ನಿಯಮವನ್ನು ಚಿತ್ರಗಳನ್ನು ನೋಡಿ ಕಟ್ಟುವವರು ಲಕ್ಷಿಸುವುದಿಲ್ಲ.

ಹಾಗಾದರೆ ಮಳೆಗಾಲದ ಥಂಡಿಗೆ ಏನು? ಉಷ್ಣಮಾಪಕವನ್ನೇ ನಂಬುವುದಾದರೆ ಜುಲೈ ತಿಂಗಳಲ್ಲಿ ಖಾನಾಪುರದಲ್ಲಿ ಚಳಿಯೇ ಇಲ್ಲ. ಡಿಸೆಂಬರಿನ ಸರಾಸರಿಗಿಂತ ಜುಲೈನದು ಕೊಂಚ ಹೆಚ್ಚಾಗಿಯೇ ಇರುವುದು. ಆದರೂ ಜನರು ಒಲೆಯ ಮುಂದಿನಿಂದ ಏಳಲು ಒಲ್ಲರು. ಇದಕ್ಕೆ ಕಾರಣವೇನೆಂದರೆ, ತೇವ. ಗೋಡೆಯಿಂದಾಗಲಿ ಬಟ್ಟೆಯಿಂದಾಗಲಿ ಒಂದು ಗ್ರಾಂ ನೀರು ಆವಿಯಾಗುವಾಗ ಸುತ್ತಲಿನಿಂದ ೫೮೫ ಕ್ಯಾಲರಿಗಳಷ್ಟು ಶಾಖವನ್ನು ಕದ್ದೊಯ್ಯುವುದು. ಇದಲ್ಲದೆ ನೆನೆದ ಗೋಡೆಯು ಒಣಗೋಡೆಗಿಂತ ವೇಗವಾಗಿ ಶಾಖವನ್ನು ಹೊರಕ್ಕೆ ಸಾಗಿಸುವುದು. ಗೋಡೆಯ ದಪ್ಪದಿಂದ ಬಂದ ಲಾಭವನ್ನೆಲ್ಲ ನೀರು ಹೀಗೆ ಕಳೆದುಬಿಡುವುದು. ಸೂರ್ಯನ ನೆರವು ಅತ್ಯಂತ ಬೇಕಾದ ಈ ನಾಲ್ಕು ತಿಂಗಳುಗಳಲ್ಲಿಯೇ ಅವನು ಮೋಡದ ಮರೆಯಲ್ಲಿರುವನು. ಮೋಡವಿಲ್ಲದಿದ್ದರೂ ನೆತ್ತಿಯ ಮೇಲಿರುವನೇ ಹೊರತು ಕಿಟಕಿಯಲ್ಲಿ ಇಣುಕಲಾರನು. ಲಡಾಖದ ಮನೆಯನ್ನು ಅದರಂತೆಯೇ ಖಾನಾಪುರಕ್ಕೆ ತಂದು ನಿಲ್ಲಿಸಿದರೆ ಉಪಯೋಗವಿಲ್ಲವೆಂಬುದಕ್ಕೆ ಇದೇ ಮುಖ್ಯ ಹೇತು. ಲಡಾಖದಲ್ಲಿ ಮಳೆ ಅತ್ಯಲ್ಪ. ಅಲ್ಲಿಯ ಮಣ್ಣುಗೋಡೆಯು ಶತ್ರುವನ್ನೇ ಕಾಣದು.

ಆದಕಾರಣ ಈ ಸೀಮೆಯ ಮನೆಯ ಮೊದಲ ಧರ್ಮವು ಒಣಗಿರುವುದು. ಇದನ್ನು ಹಳೆಯ ಕಟ್ಟಡದವರು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಅವರ ಕೆಲಸವೇ ಸಾಕ್ಷಿ. ನೆಲಗಟ್ಟನ್ನು ಕಲ್ಲಿನಿಂದ ಎರಡು ಮೂರಡಿ ಎತ್ತರಿಸಿ, ಆಮೇಲೆಯೇ ಮಣ್ಣಿನ ಗೋಡೆಯನ್ನೆಬ್ಬಿಸುತ್ತಿದ್ದರು. ಸೂರನ್ನು ತಗ್ಗಿಸಿ ಮುಂದಕ್ಕೆ ಚಾಚಿ, ಗಾಳಿಯ ಮುಖಕ್ಕೆ ಮಳೆಗಾಲಕ್ಕೆ ಮುಂಚೆ ತಟ್ಟಿಗಳನ್ನು ಕಟ್ಟುತ್ತಿದ್ದರು. ಮಣ್ಣು ಮೇಲಿನಿಂದ ಟೊಪ್ಪಿಗೆಯನ್ನೂ ಕೆಳಗಿನಿಂದ ಕಲ್ಲಿನ ಪಾದರಕ್ಷೆಯನ್ನೂ ಹೊಂದಿದ್ದರೆ ತಲೆಮಾರುಗಳವರೆಗೆ ನಿಲ್ಲುವುದು. ಬುಡದಲ್ಲಿ ದಿನಗಟ್ಟಲೆ ನೀರು ನಿಂತರೆ ಮಾತ್ರ ಅದು ಸ್ವಂತ ಭಾರವನ್ನು ತಾಳಲಾರದೆ ಜರಿಯುವುದು. ನದಿಯ ನೆರೆ ಮುಟ್ಟುವ ಸ್ಥಳದಲ್ಲಿ ಮಣ್ಣುಗೋಡೆಯು ಕೂಡದೆಂಬುದು ನಿರ್ವಿವಾದ. ನೆರೆ ಮುಟ್ಟದ ಏರುನೆಲದಲ್ಲಿಯೂ ಅದನ್ನು ಬಿಡಬೇಕೆಂಬ ವಾದಕ್ಕೆ ಆಧಾರವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಶಾಖೆಯು, ಮಣ್ಣಿಗೆ ನೂರಕ್ಕೆ ಐದರಿಂದ ಎಂಟರಷ್ಟು ಸಿಮೆಂಟನ್ನು ಬೆರಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಯನ್ನು ಪ್ರಚಾರಕ್ಕೆ ತಂದಿತು. ಸುಡದ ಈ ಇಟ್ಟಿಗೆಯು ನೆನೆದರೂ ಕರಗುವುದಿಲ್ಲ. ಜಂಬಿಟ್ಟಿಗೆಯು ದುರ್ಲಭವಾಗುತ್ತಿರುವ ಕಡೆಯಲ್ಲಿ ಇದು ತಕ್ಕ ಪ್ರತಿನಿಧಿ.

ಒಣಗಿಸುವುದಕ್ಕೆ ಒಂದು ಲೆಕ್ಕವುಂಟು. ೨೧ ಡಿಗ್ರಿಯಲ್ಲಿ ತೇವದಿಂದ ತುಂಬಿತುಳುಕುವ ಗಾಳಿಯನ್ನು, ಹೊಸ ತೇವವನ್ನು ಸೇರಿಸದೆ, ೨೫ ಡಿಗ್ರಿಗೆ ಕಾಯಿಸಿದರೆ ಅದರ ಆರ್ದ್ರತೆಯು ನೂರರಿಂದ ಎಪ್ಪತ್ತೆಂಟಕ್ಕೆ ಇಳಿಯುವುದು. ಬೂಷ್ಟು ಹಬ್ಬುವುದು ಸಾಮಾನ್ಯವಾಗಿ ಎಂಬತ್ತರ ಮೇಲೆ. ಎಂದರೆ ನಾಲ್ಕೇ ಡಿಗ್ರಿಯ ಬೆಚ್ಚನೆಯಿಂದ ಧಾನ್ಯ, ಬಟ್ಟೆ, ಪುಸ್ತಕ, ಶ್ವಾಸಕೋಶ ಇಷ್ಟೂ ಉಳಿದುಕೊಳ್ಳುವುವು. ಹಳೆಯ ಮನೆಯಲ್ಲಿ ಈ ನಾಲ್ಕು ಡಿಗ್ರಿಯನ್ನು ಒದಗಿಸುತ್ತಿದ್ದುದು ಅಡಿಗೆಯ ಒಲೆ ಮತ್ತು ಬಚ್ಚಲ ಹಂಡೆಯ ಒಲೆ. ಇವುಗಳ ಬಿಸಿಗಾಳಿಯು ಅಟ್ಟವನ್ನು ಹೊಕ್ಕು, ಅಲ್ಲಿಟ್ಟ ಕಾಳುಕಡಿಗಳನ್ನು ಒಣಗಿಸಿ, ತೇವವನ್ನು ಹೊತ್ತು ಹೆಂಚಿನ ಸಂದುಗಳಿಂದ ಹೊರಬೀಳುತ್ತಿತ್ತು. ಹೊಗೆಯಿಂದ ಹೆಂಗಸರ ಕಣ್ಣಿಗೂ ಎದೆಗೂ ಆದ ಕೇಡು ಚಿಕ್ಕದಲ್ಲ. ಆ ಒಲೆಯನ್ನು ಮರಳಿ ತರಬೇಕೆಂದು ಯಾರೂ ಹೇಳಲಾರರು. ಆದರೆ ಅನಿಲದ ಒಲೆ ಬಂದುದರಿಂದ ಆದ ಇನ್ನೊಂದು ಬದಲಾವಣೆಯನ್ನು ಗಮನಿಸಿದವರು ಕಡಿಮೆ. ಈ ಅನಿಲವು ಉರಿದಾಗ ತನ್ನ ತೂಕದ ಒಂದೂವರೆ ಪಾಲಿಗಿಂತ ಹೆಚ್ಚು ನೀರಾವಿಯನ್ನು ಹುಟ್ಟಿಸುವುದು; ೧೪.೨ ಕಿಲೋಗ್ರಾಂನ ಒಂದು ಸಿಲಿಂಡರು ತೀರುವ ಹೊತ್ತಿಗೆ ೨೨ ಲೀಟರುಗಳಿಗೆ ಕಡಿಮೆಯಿಲ್ಲದ ನೀರು ಆವಿಯಾಗಿ ಅಡಿಗೆಮನೆಯನ್ನು ಸೇರಿರುವುದು. ಹೆಂಚಿನ ಮಾಡಿನ ಕೆಳಗೆ ಇದು ತಾನಾಗಿ ಹೊರಟುಹೋಗುವುದು. ಕಾಂಕ್ರೀಟು ಹಲಗೆಯ ಕೆಳಗೆ, ಮಳೆಗೆ ಹೆದರಿ ಕಿಟಕಿಯನ್ನು ಮುಚ್ಚಿದ ಮನೆಯಲ್ಲಿ, ತಣ್ಣನೆಯ ಗೋಡೆಯ ಮೇಲೆ ಬೆವರಾಗಿ ಕೂತು ಬೂಷ್ಟಿಗೆ ಹಾಲೆರೆಯುವುದು. ಅಡಿಗೆಮನೆಯ ನೆತ್ತಿಯಲ್ಲಿ ಮಳೆ ಹೊಡೆಯದಂತೆ ಮರೆಮಾಡಿದ ಗವಾಕ್ಷಿಯೊಂದನ್ನು ಬಿಡುವುದಕ್ಕೆ ತಗಲುವ ವೆಚ್ಚವು ಗೋಡೆಗೆ ಪ್ರತಿವರ್ಷವೂ ಬಣ್ಣ ಬಳಿಯುವುದಕ್ಕಿಂತ ಅಗ್ಗ.

ಮಾಡಿನ ವಿಷಯದಲ್ಲಿ ಇಷ್ಟನ್ನು ಹೇಳಬಹುದು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ತೆರೆದಮೇಲೆ ಮಂಗಳೂರು ಹೆಂಚು ದೇಶದಲ್ಲೆಲ್ಲ ಹಬ್ಬಿತು. ಖಾನಾಪುರದ ಜೇಡಿಮಣ್ಣು ಕುಂಬಾರಿಕೆಗೂ ಹೆಂಚಿಗೂ ಹೆಸರಾದುದು; ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರ ಗ್ರಾಮೀಣ ಕುಂಬಾರಿಕೆಯ ಸಂಸ್ಥೆಯನ್ನು ಖಾನಾಪುರದಲ್ಲಿಯೇ ಇಟ್ಟಿರುವುದು ಅಕಾರಣವಾಗಿ ಅಲ್ಲ. ಹೆಂಚಿನ ಗುಣವು ನೀರನ್ನು ಜಾರಿಸಿ ಗಾಳಿಯನ್ನು ಬಿಡುವುದು. ದೋಷವೂ ಅದೇ ಗಾಳಿಯನ್ನು ಚಳಿಗಾಲದ ರಾತ್ರಿಯಲ್ಲಿಯೂ ಬಿಡುವುದು. ಇದಕ್ಕಾಗಿಯೇ ಒಳ್ಳೆಯ ಮನೆಗಳಲ್ಲಿ ಹೆಂಚಿನ ಕೆಳಗೆ ಹಲಗೆಯ ಮುಚ್ಚಿಗೆಯನ್ನು ಹಾಕಿ ಮೇಲೆ ಮಣ್ಣನ್ನು ಮೆತ್ತುತ್ತಿದ್ದರು. ಐದಂಗುಲದ ಕಾಂಕ್ರೀಟು ಹಲಗೆಯು ಏಪ್ರಿಲಿನ ಬಿಸಿಲನ್ನು ಮೂರು ನಾಲ್ಕು ಗಂಟೆಗಳಲ್ಲಿ ಒಳಕ್ಕೆ ದಾಟಿಸಿ, ಜನರು ಮನೆಗೆ ಮರಳುವ ಸಂಜೆಗೆ ಸರಿಯಾಗಿ ಕಾಯಿಸಿಕೊಡುವುದು. ಜನವರಿಯ ನಿರ್ಮಲವಾದ ರಾತ್ರಿಯಲ್ಲಿ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಚೆಲ್ಲಿ ತಣ್ಣಗಾಗುವುದು. ಬೆಳಗಾವಿಯ ಹೊಸ ಬಡಾವಣೆಗಳಲ್ಲಿ ಮಳೆ ಸೋರದಿರಲೆಂದು ಹಲಗೆಯ ಮೇಲೆ ತಗಡಿನ ಚಪ್ಪರವನ್ನು ನಿಲ್ಲಿಸುವ ವಾಡಿಕೆ ಬಂದಿದೆ. ಒಂದು ಮಾಡಿಗೆ ಎರಡು ಮಾಡಿನ ವೆಚ್ಚ! ಆದರೂ ಈ ವಾಡಿಕೆಯಲ್ಲಿ ಯುಕ್ತಿಯಿಲ್ಲದಿಲ್ಲ: ನಡುವಣ ಗಾಳಿಯ ಪದರವು ಬಿಸಿಲನ್ನೂ ತಡೆಯುವುದು, ಮಳೆಯನ್ನೂ ತಡೆಯುವುದು. ತಗಡಿನ ಬದಲು ಖಾನಾಪುರದ ಹೆಂಚನ್ನೇ ಹೊದಿಸಿದರೆ ಸದ್ದೂ ಕಡಿಮೆ, ತಾಪವೂ ಕಡಿಮೆ, ಹಣವೂ ಊರಿನಲ್ಲಿಯೇ ಉಳಿಯುವುದು.

ಇನ್ನು ಮನೆಯ ಮುಖ. ಇಲ್ಲಿಯೇ ಈ ವಿಚಾರದ ಗಂಟು ಇರುವುದು. ಚಳಿಗಾಲದ ಬಿಸಿಲು ಬರುವುದು ದಕ್ಷಿಣದಿಂದ. ಮಳೆಗಾಲದ ಹೊಡೆತವು ಬರುವುದು ಪಶ್ಚಿಮ ಮತ್ತು ನೈರುತ್ಯಗಳಿಂದ. ದಕ್ಷಿಣಕ್ಕೆ ವಿಶಾಲವಾಗಿ ತೆರೆದ ಮನೆಯು ನಾಲ್ಕು ತಿಂಗಳು ಬಿಸಿಲನ್ನೂ ನಾಲ್ಕು ತಿಂಗಳು ಇರಚಲನ್ನೂ ಬರಮಾಡಿಕೊಳ್ಳುವುದು. ಸೂರನ್ನು ಐದಾರಡಿ ಚಾಚಿ ಇರಚಲನ್ನು ತಡೆದರೆ ಬಿಸಿಲೂ ತಡೆಯುವುದು. ಈ ಗಂಟನ್ನು ಬಿಡಿಸುವ ದಾರಿಯೆಂದರೆ ಮುಖವನ್ನು ಆಗ್ನೇಯದ ಕಡೆಗೆ ತಿರುಗಿಸುವುದು. ಡಿಸೆಂಬರಿನಲ್ಲಿ ಸೂರ್ಯನು ಹುಟ್ಟುವುದು ನೆಟ್ಟನೆಯ ಪೂರ್ವದಲ್ಲಲ್ಲ, ಪೂರ್ವಕ್ಕಿಂತ ೨೪ ಅಂಶಗಳಷ್ಟು ದಕ್ಷಿಣಕ್ಕೆ ಸರಿದು. ಆದುದರಿಂದ ಆಗ್ನೇಯದ ಕಿಟಕಿಗೆ ಸೂರ್ಯೋದಯದಿಂದಲೇ ಬಿಸಿಲು. ರಾತ್ರಿಯ ಚಳಿ ಇನ್ನೂ ಹರಿಯದ, ಬಿಸಿಲಿಗೆ ಬೆಲೆಯಿರುವ ಹೊತ್ತೂ ಅದೇ. ಹತ್ತು ಗಂಟೆಯ ಮೇಲೆ ಹೊರಗೇ ಬೆಚ್ಚಗಾಗುವುದರಿಂದ ಆಮೇಲಿನ ಬಿಸಿಲನ್ನು ಕಳೆದುಕೊಂಡರೆ ನಷ್ಟವಿಲ್ಲ. ಮಳೆಗಾಲದಲ್ಲಿಯೋ, ಆ ದಿಕ್ಕು ಗಾಳಿಗೆ ಬೆನ್ನು. ಚಳಿಗಾಲದ ಮೂಡಗಾಳಿಯು ಈ ಮುಖಕ್ಕೆ ಬಡಿಯುವುದೊಂದು ದೋಷ. ಅದಕ್ಕೆ ಪರಿಹಾರವೇ ಗಾಜು, ಬಿಸಿಲನ್ನು ಬಿಟ್ಟು ಗಾಳಿಯನ್ನು ತಡೆಯುವ ವಸ್ತು ಅದು. ಗಾಜಿಗೆ ಬೆಳಗಾವಿಯಲ್ಲಿ ಸಲ್ಲುವ ಸ್ಥಳವು ಇದು, ಸಲ್ಲುವ ಪ್ರಮಾಣವೂ ಒಂದೆರಡು ಕಿಟಕಿಗಳಷ್ಟು. ರಾತ್ರಿಯಲ್ಲಿ ಅದರ ಒಳಗಡೆ ಮರದ ಕದವನ್ನು ಮುಚ್ಚಿಕೊಳ್ಳತಕ್ಕದ್ದು. ಮುದುಕರು ಮಕ್ಕಳು ಕೂರುವ ಪಡಸಾಲೆ ಈ ಕಡೆಗಿರಲಿ. ಬಚ್ಚಲು, ಸೌದೆಯ ಕೊಟ್ಟಿಗೆ, ಉಗ್ರಾಣ, ಜೀನೆ ಇವು ನೈರುತ್ಯ ಪಶ್ಚಿಮಗಳಲ್ಲಿ ನಿಂತು ಮಳೆಯ ಪೆಟ್ಟನ್ನೂ ಏಪ್ರಿಲಿನ ಸಂಜೆಬಿಸಿಲನ್ನೂ ತಾವು ತಿನ್ನಲಿ. ಪೂರ್ವಕ್ಕೆ ಬಾಗಿಲನ್ನಿಡುವ ಜನರ ಪದ್ಧತಿಯು ಶಾಸ್ತ್ರದಿಂದ ಬಂದುದೋ ಅನುಭವದಿಂದ ಬಂದುದೋ, ಈ ಸೀಮೆಯ ಹವೆಗೆ ಅದು ಬಹುಮಟ್ಟಿಗೆ ಹೊಂದಿಕೆಯಾಗಿದೆ.

ಊರೊಳಗಣ ಮನೆಗಳಿಗೆ ಈ ಸ್ವಾತಂತ್ರ್ಯವಿಲ್ಲ. ಬೆಳಗಾವಿಯ ಕೋಟೆಯನ್ನು ಇಂಗ್ಲಿಷರು ೧೮೧೮ರಲ್ಲಿ ಹಿಡಿದಮೇಲೆ ಬೆಳೆದ ದಂಡಿನ ಪ್ರದೇಶದಲ್ಲಿ, ನಾಲ್ಕೂ ಕಡೆ ಬಯಲುಳ್ಳ, ಸುತ್ತಲೂ ವರಾಂಡವುಳ್ಳ ಬಂಗಲೆಗಳು ಎದ್ದುವು. ಅವುಗಳ ಒಳಕೋಣೆಗಳು ಬೇಸಗೆಗೆ ಹಿತ, ಮಳೆಗಾಲದಲ್ಲಿ ಕತ್ತಲೆ. ಶಹಾಪುರ, ವಡಗಾವಿಗಳ ಗಲ್ಲಿಗಳಲ್ಲಾದರೋ ಮನೆಗೆ ಮನೆ ಅಂಟಿಕೊಂಡು, ಮುಖವನ್ನು ಬೀದಿಯೇ ನಿರ್ಣಯಿಸುವುದು. ಅಲ್ಲಿಯ ನೇಕಾರನಿಗೆ ಕುಣಿಮಗ್ಗದ ಕಾಲದಿಂದಲೂ ಮಳೆಗಾಲವೆಂದರೆ ನೆಲದ ತೇವದೊಡನೆ ಹೋರಾಟ. ದಿನದ ಕೂಲಿಯೇ ಬೆಳಕಿನ ಮೇಲೆ ನಿಂತುದು. ಇಂತಹ ಮನೆಗೆ ಆಕಾಶವೊಂದೇ ತೆರೆದ ದಿಕ್ಕು. ಹೆಂಚಿನ ನಡುವೆ ಕೂರಿಸಿದ ಎರಡು ಗಾಜಿನ ಹೆಂಚುಗಳು ನಡುಮನೆಯನ್ನು ಬೆಳಗುವುವು. ಆದರೆ ಸಂಖ್ಯೆ ಹೆಚ್ಚಿದರೆ ಬೇಸಗೆಯಲ್ಲಿ ತಾಪ, ಏಕೆಂದರೆ ನೆತ್ತಿಯ ಸೂರ್ಯನಿಗೆ ಅವು ನೇರವಾದ ಬಾಗಿಲು. ನಡುವೆ ಚಿಕ್ಕ ಅಂಗಳವನ್ನು ಬಿಡಲು ಸಾಧ್ಯವಾದರೆ ಅದರ ಅಳತೆಗೂ ಸೂರ್ಯನೇ ಪ್ರಮಾಣ. ದಕ್ಷಿಣದ ಅಂಕಣವು ಹತ್ತಡಿ ಎತ್ತರವಿದ್ದರೆ ಡಿಸೆಂಬರಿನ ನಡುಹಗಲಿನ ನೆರಳು ೮ ಅಡಿ ೨ ಅಂಗುಲ ಚಾಚುವುದು. ಅಂಗಳದ ದಕ್ಷಿಣೋತ್ತರದ ಅಗಲವು ಅದಕ್ಕಿಂತ ಹೆಚ್ಚಾದರೆ ಮಾತ್ರ ಉತ್ತರದ ಪಡಸಾಲೆಗೆ ಚಳಿಗಾಲದ ಬಿಸಿಲು. ಕಡಿಮೆಯಾದರೆ ಅಂಗಳವು ಕೇವಲ ಗಾಳಿಗಂಡಿ. ಪಕ್ಕದವರು ಒಂದು ಮಹಡಿಯನ್ನೇರಿಸಿದ ದಿನ ಈ ಲೆಕ್ಕವು ತಲೆಕೆಳಗಾಗುವುದೆಂಬುದನ್ನೂ ಎಣಿಸಬೇಕು. ಬಿಸಿಲು ನೆರೆಹೊರೆಯವರ ಹಕ್ಕೆಂಬ ಭಾವನೆ ನಗರಸಭೆಗಳ ನಿಯಮಗಳಲ್ಲಿ ಇನ್ನೂ ಬೇರೂರಬೇಕಾಗಿದೆ.

ಕಟ್ಟುವವನಿಗೆ ಇದಕ್ಕೆಲ್ಲ ದೊಡ್ಡ ಸಾಧನವೇನೂ ಬೇಡ. ದಿಕ್ಕನ್ನು ಸಾಧಿಸಲು ಪೂರ್ವಿಕರು ನೆಡುತ್ತಿದ್ದ ಶಂಕುವೇ ಸಾಕು. ನಿವೇಶನದ ಸಮತಟ್ಟಾದ ನೆಲದಲ್ಲಿ ಆರಡಿಯ ಬಿದಿರನ್ನು ನೆಟ್ಟಗೆ ನಿಲ್ಲಿಸಿ, ನೆರಳು ಅತಿ ಚಿಕ್ಕದಾದಾಗ ಗೆರೆಯೆಳೆದರೆ ಅದೇ ದಕ್ಷಿಣೋತ್ತರ ರೇಖೆ. ಬೆಳಗಾವಿಯು ದೇಶದ ಗಡಿಯಾರವನ್ನು ಗೊತ್ತುಮಾಡುವ ರೇಖೆಗಿಂತ ೮ ಅಂಶ ಪಶ್ಚಿಮಕ್ಕಿರುವುದರಿಂದ ಡಿಸೆಂಬರಿನಲ್ಲಿ ಈ ಹೊತ್ತು ಹನ್ನೆರಡಕ್ಕಲ್ಲ, ಹನ್ನೆರಡೂವರೆಗೆ ಬರುವುದು. ಆ ತಿಂಗಳ ಕೊನೆಯಲ್ಲಿ ನೆರಳು ೫ ಅಡಿಗೆ ಒಂದಂಗುಲ ಕಡಿಮೆ. ಮಾರ್ಚಿಯಲ್ಲಿ ೧ ಅಡಿ ೮ ಅಂಗುಲ. ಮೇ ತಿಂಗಳ ಮೊದಲಲ್ಲಿ ಒಂದು ದಿನ ಏನೂ ಇಲ್ಲ. ಮಳೆಯ ದಿಕ್ಕನ್ನು ತಿಳಿಯುವುದು ಇನ್ನೂ ಸುಲಭ. ಸೆಪ್ಟೆಂಬರಿನಲ್ಲಿ ಆ ಬೀದ���ಯ ಹಳೆಯ ಗೋಡೆಗಳನ್ನು ಸುತ್ತಿ ನೋಡಿದರೆ ಪಾಚಿ ಯಾವ ಮುಖದಲ್ಲಿ ಎಷ್ಟು ಎತ್ತರಕ್ಕೆ ಹತ್ತಿದೆಯೆಂಬುದು ಕಾಣುವುದು. ಹೊಸ ಮನೆಯ ನೆಲಗಟ್ಟನ್ನು ಅದಕ್ಕಿಂತ ಒಂದಡಿ ಎತ್ತರಿಸಿ, ಸೂರನ್ನು ಆ ಮುಖದಲ್ಲಿ ಹೆಚ್ಚಾಗಿ ಚಾಚತಕ್ಕದ್ದು.